ಬಿಚ್ಚು ಟೀಚರ್ ಹೊಲಿಸಿದ ಕೈಗವಸು

ನಮ್ಮ ಹೊಲಿಗೆ ಟೀಚರಿಗೆ ನಾವಿಟ್ಟ ಹೆಸರು ಬಿಚ್ಚು ಟೀಚರ್. ಯಾರ ಮೆಷಿನ್ನಿನ ಬಳಿ ಬಂದರೂ ಬಟ್ಟೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಉಗುರು ಓಡಿಸಿ "ಬಿಚ್ಚು" ಎನ್ನುತ್ತಿದ್ದರು. ಬೈಗುಳವೂ ಇಲ್ಲ, ವಿವರಣೆಯೂ ಇಲ್ಲ. ಬಿಚ್ಚಿ ಮತ್ತೆ ಹೊಲಿದು ಕೊಟ್ಟರೆ ಇನ್ನೊಮ್ಮೆ ಉಗುರು ಓಡಿಸಿ, ಸರಿಯಿದ್ದರೆ ಏನೂ ಹೇಳದೆ ಮುಂದಿನ ಮೆಷಿನ್ನಿಗೆ ಹೋಗುತ್ತಿದ್ದರು. ಅವರು ಏನೂ ಹೇಳದೆ ಹೋದ ದಿನ ನಮ್ಮ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಅವರ ಅಪ್ಪ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದವರು. ಒಬ್ಬಳೇ ಮಗಳು. ಏಳನೇ ವಯಸ್ಸಿಗೇ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಬ್ಬಳ ಹಿಡಿದು ಅಪ್ಪನ ಎದುರಿಗೆ ಕೂತವರು. ಅದರಿಂದಲೋ ಏನೋ, ಅವರ ಕೈ ಅಗಲವಾಗಿ, ಬೆರಳಿನ ಗಿಣ್ಣುಗಳು ದಪ್ಪವಾಗಿ ಬೆಳೆದವು. ಟೀಚರ್ ತರಬೇತಿಗೆ ಹೋದಾಗ ಜೊತೆಯವರು "ಟಾರ್ಪಾಲು ಕೈ" ಎಂದು ನಗುತ್ತಿದ್ದರಂತೆ. ಆ ಕೈಗಳನ್ನು ಅವರು ಎಷ್ಟೋ ವರ್ಷ ಮೇಜಿನ ಕೆಳಗೆ ಇಟ್ಟುಕೊಂಡೇ ಮಾತಾಡಿದ್ದಾರೆ. ಇದನ್ನು ಅವರೇ ನನಗೆ ಹೇಳಿದ್ದು, ಅದೂ ತೀರಾ ಈಚೆಗೆ.

ನಮ್ಮದು ಕಸುಬು ಕಲಿಸುವ ಸರ್ಕಾರಿ ಶಾಲೆ. ಹೊಲಿಗೆ ವಿಭಾಗ ಮೂರನೇ ಮಹಡಿಯಲ್ಲಿ, ಅದರ ಕೆಳಗೆ ಬಡಗಿ ವಿಭಾಗ. ಅಲ್ಲಿ ಮರ ಕೊಯ್ಯುವ ಯಂತ್ರ ಓಡಿದರೆ ನಮ್ಮ ಮೇಜಿನ ಮೇಲೆ ದಿಂಬಿಗೆ ಚುಚ್ಚಿಟ್ಟ ಸೂಜಿಗಳು ಸಣ್ಣಗೆ ನಡುಗುತ್ತಿದ್ದವು. ಹನ್ನೊಂದು ಹುಡುಗಿಯರು, ಹನ್ನೊಂದು ಮೆಷಿನ್ನು. ಅದರಲ್ಲಿ ಎರಡು ಯಾವಾಗಲೂ ಮುಷ್ಕರ ಹೂಡಿರುತ್ತಿದ್ದವು. ಕರೆಂಟು ಹೋದಾಗ ಕೈಹೊಲಿಗೆ: ಅಂಚು ಮಡಚುವುದು, ಕಾಜ ಹಾಕುವುದು, ಗುಂಡಿ ಕಟ್ಟುವುದು. ಕೈಹೊಲಿಗೆಗೆ ಕೂತರೆ ಬಾಯಿ ಸುಮ್ಮನಿರುವುದಿಲ್ಲವಲ್ಲ. ಹನ್ನೊಂದು ಬಾಯಿಗಳನ್ನು ಮುಚ್ಚಿಸಲು ಟೀಚರ್ ಕಂಡುಕೊಂಡ ಉಪಾಯ ಪುಸ್ತಕ ಓದುವುದು. ಒಬ್ಬಳು ಓದಬೇಕು, ಹತ್ತು ಜನ ಹೊಲಿಯಬೇಕು.

ಶಾಲೆಯ ಲೈಬ್ರರಿ ಎಂದರೆ ಎರಡು ಕಪಾಟು. ಅದರಲ್ಲಿ ಹಳೇ ಪರೀಕ್ಷೆಯ ಗೈಡುಗಳೇ ಹೆಚ್ಚು. ರದ್ದಿಗೆ ಹಾಕಲು ತೆಗೆದಿಟ್ಟಿದ್ದ ರಾಶಿಯಿಂದ ಅವರು ಒಂದು ದಪ್ಪ ಪುಸ್ತಕ ಎತ್ತಿಕೊಂಡು ಬಂದರು. ಮೊದಲ ಪುಟಗಳು ಹರಿದುಹೋಗಿದ್ದರಿಂದ ಬರೆದವರು ಯಾರೆಂದು ತಿಳಿಯುವಂತಿರಲಿಲ್ಲ. ದಕ್ಷಿಣ ಧ್ರುವದ ಕಡೆಗೆ ಹೋದ ಒಂದು ತಂಡದ ಕಥೆ. ತಂಡದಲ್ಲಿ ಇದ್ದವನೇ ಬರೆದದ್ದು.

"ಇದ್ಯಾಕೆ ಮೇಡಂ?" ಎಂದು ನಾವು ಕೇಳಿದೆವು.

"ದಪ್ಪ ಇದೆ. ವರ್ಷ ಪೂರ್ತಿ ಆಗುತ್ತೆ," ಎಂದರು. ಅಷ್ಟೇ ಕಾರಣ.

ಮೊದಲ ಎರಡು ವಾರ ನಿದ್ದೆ ಬರಿಸುವಂತಿತ್ತು. ಹಡಗಿಗೆ ಎಷ್ಟು ಕಲ್ಲಿದ್ದಲು ತುಂಬಿದರು, ಎಷ್ಟು ನಾಯಿಗಳು, ಎಷ್ಟು ಡಬ್ಬ ಬಿಸ್ಕತ್ತು. ಆಮೇಲೆ ಒಂದು ದಿನ ಹಾಯಿ ಹೊಲಿಯುವ ಮುದುಕನೊಬ್ಬ ಪುಸ್ತಕದೊಳಗೆ ಬಂದ. ಹಡಗಿನ ಹಾಯಿ ಹೊಲಿಯಲು ಸೇರಿಕೊಂಡವನು, ಮಂಜಿನ ಗುಡಿಸಲಿನಲ್ಲಿ ಆರು ತಿಂಗಳ ಕತ್ತಲು ಕಳೆಯುತ್ತಾ ಎಲ್ಲರಿಗೂ ಡೇರೆ, ಮಲಗುವ ಚೀಲ, ಗಾಡಿ ಎಳೆಯುವ ನಾಯಿಗಳ ಪಟ್ಟಿ ಹೊಲಿಯುತ್ತಾ ಕೂತವನು.

ನಮ್ಮಲ್ಲಿ ಒಬ್ಬಳು ಎಡಗೈಯವಳಿದ್ದಳು. ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದೆವು, ಅವಳೂ ಅದಕ್ಕೇ ಓಗೊಡುತ್ತಿದ್ದಳು. ಅವಳು ಸೂಜಿ ನಿಲ್ಲಿಸಿ, "ಹೊಲಿಯೋರು ಧ್ರುವಕ್ಕೂ ಹೋಗಿದ್ರಾ ಮೇಡಂ?" ಎಂದಳು.

"ಬಟ್ಟೆ ಹರಿಯೋ ಕಡೆಗೆಲ್ಲ ಹೊಲಿಯೋರು ಹೋಗ್ಲೇಬೇಕು," ಎಂದರು ಟೀಚರ್. ಅವತ್ತು ಮೊದಲ ಬಾರಿಗೆ ಅವರು ಪುಸ್ತಕವನ್ನು ಓದುವವಳ ಕೈಯಿಂದ ತೆಗೆದುಕೊಂಡು ತಾವೇ ಓದಿದರು.

ತೊಂಬತ್ತನೇ ಪುಟದಲ್ಲಿ ಆ ಘಟನೆ ಬಂತು. ಗಾಳಿ ಜೋರಾಗಿದ್ದ ದಿನ ಒಬ್ಬ ಬಿಸ್ಕತ್ತು ಡಬ್ಬದ ಸೀಲು ಬಿಚ್ಚಲೆಂದು ಬಲಗೈಯ ಗವಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಹದಿನೈದು ಹೆಜ್ಜೆ ಓಡಿದ, ಸಿಗಲಿಲ್ಲ. ಗುಡಿಸಲು ತಲುಪುವ ಹೊತ್ತಿಗೆ ಕೈ ಮರದ ತುಂಡಿನಂತೆ ಆಗಿತ್ತು. ನಾಲ್ಕು ಬೆರಳು ಹೋದವು. ಮಾರನೇ ದಿನವೇ ಹಾಯಿ ಹೊಲಿಯುವ ಮುದುಕ ತಂಡದ ಎಲ್ಲ ಗವಸುಗಳನ್ನೂ ತರಿಸಿಕೊಂಡು, ಜೋಡಿಗೆ ಒಂದೊಂದು ದಾರ ಹೊಲಿದು, ಆ ದಾರವನ್ನು ಕುತ್ತಿಗೆಯ ಹಿಂದಿನಿಂದ ಹಾಯಿಸಿ ಹಾಕಿಕೊಳ್ಳುವಂತೆ ಮಾಡಿದ.

ಟೀಚರ್ ಪುಸ್ತಕ ಮುಚ್ಚಿ, ಬೆರಳನ್ನು ಪುಟದ ನಡುವೆ ಇಟ್ಟುಕೊಂಡರು. "ಒಂದು ಮೊಳ ದಾರ ಇದ್ದಿದ್ರೆ ನಾಲ್ಕು ಬೆರಳು ಉಳೀತಿತ್ತು. ನಾವು ಮಾಡೋ ಕೆಲಸನ ಯಾರೂ ಹೀಗೆ ಬರೆದಿದ್ದು ನಾನು ನೋಡೇ ಇರಲಿಲ್ಲ," ಎಂದರು.

ಮರುದಿನ ಅವರು ಒಂದು ಬಕೆಟ್ ಐಸ್ ತಂದರು. ಅವರ ಯಜಮಾನರು ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಆಪರೇಟರ್, ಐಸಿಗೇನೂ ಬರವಿರಲಿಲ್ಲ. ನಾವು ಒಬ್ಬೊಬ್ಬರೇ ಎರಡೂ ಕೈಗಳನ್ನು ಐಸ್ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ, ಒರೆಸಿಕೊಂಡು, ನಾವೇ ಹೊಲಿದಿದ್ದ ಶರಟಿನ ಗುಂಡಿ ಹಾಕಬೇಕು. ಮೊದಲು ನಗು. ಆಮೇಲೆ ನಗು ನಿಂತಿತು. ಬೆರಳಿಗೆ ಗುಂಡಿಯೇ ಗೊತ್ತಾಗುತ್ತಿರಲಿಲ್ಲ. ನಾನು ಹಾಕಿದ ಕಾಜಗಳನ್ನು ಟೀಚರ್ ಉಗುರು ಓಡಿಸಿ ಒಪ್ಪಿದ್ದರು, ಅಂಥ ಕಾಜದಲ್ಲೇ ಒಂದು ಗುಂಡಿ ತೂರಿಸಲು ನನಗೆ ನಾಲ್ಕು ನಿಮಿಷ ಹಿಡಿಯಿತು. ಎಡಚಿ ಕೊನೆಗೆ ಹಲ್ಲಿನಲ್ಲಿ ಹಾಕಿದಳು.

"ಚೆನ್ನಾಗಿ ಹೊಲಿದಿದ್ದೀರಿ, ಕೆಲಸಕ್ಕೆ ಬರಲ್ಲ," ಎಂದರು ಟೀಚರ್. "ಯಾರು ಹಾಕ್ಕೊಳ್ತಾರೆ, ಯಾವಾಗ ಹಾಕ್ಕೊಳ್ತಾರೆ ಅಂತ ನಾನೂ ಇಷ್ಟು ವರ್ಷ ಯಾರನ್ನೂ ಕೇಳಿಲ್ಲ. ಅಳತೆ ಮಾತ್ರ ಕೇಳಿದ್ದೀನಿ."

ಅಲ್ಲಿಂದ ಮುಂದೆ ನಮ್ಮ ತರಗತಿ ಪಠ್ಯದ ದಾರಿ ಬಿಟ್ಟಿತು. ಪಠ್ಯದಲ್ಲಿ ಆ ತಿಂಗಳು ಇದ್ದದ್ದು ಮೂರು ಸಾಲು ಫ್ರಿಲ್ ಇರುವ ಮಕ್ಕಳ ಫ್ರಾಕು. ನಾವು ದೊಡ್ಡ ಗುಂಡಿ, ಹಗ್ಗದ ಕುಣಿಕೆ, ಎರಡು ಪದರದ ತೋಳು ಎಂದು ಕತ್ತರಿಸುತ್ತಾ ಕೂತೆವು. ಅವರ ಯಜಮಾನರು ಐಸ್ ಬಕೆಟ್ ವಾಪಸ್ ಒಯ್ಯಲು ಬಂದವರು ಇದನ್ನೆಲ್ಲ ನೋಡಿ, ಮೀಸೆಯಲ್ಲೇ ನಕ್ಕರು.

"ಧ್ರುವದ ತನಕ ಯಾಕೆ ಹೋಗ್ತೀಯ? ನಮ್ಮ ಕೋಣೆಗೆ ಬಾ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದೆ. ಲೋಡಿಂಗ್ ಮಾಡೋರು ಕೈಗೆ ಕಾಲುಚೀಲ ಹಾಕ್ಕೊಂಡು ಪೆಟ್ಟಿಗೆ ಎತ್ತುತಾರೆ."

"ಗವಸು ಕೊಡಲ್ವೇನ್ರೀ?"

"ಕೊಡ್ತಾರೆ. ವರ್ಷಕ್ಕೆ ಒಂದು ಜೊತೆ. ಒಂದೂವರೆ ತಿಂಗಳಿಗೆ ಹರಿಯುತ್ತೆ."

ಮಾರನೇ ದಿನ ಅವರು ಅಂಥ ಒಂದು ಜೊತೆ ಕಾಲುಚೀಲ ತಂದು ಮೇಜಿನ ಮೇಲಿಟ್ಟರು. ಹಿಮ್ಮಡಿ ಬರುವ ಕಡೆ ತೂತು ಮಾಡಿ ಹೆಬ್ಬೆರಳು ತೂರಿಸುವಂತೆ ಮಾಡಿದ್ದರು, ಹರಿದಲ್ಲೆಲ್ಲ ಪ್ಯಾಕಿಂಗಿನ ಹುರಿಯಿಂದ ಹೊಲಿದಿದ್ದರು. ಟೀಚರ್ ಅದರ ಹೊಲಿಗೆಯ ಮೇಲೂ ಉಗುರು ಓಡಿಸಿದರು. ಆದರೆ ಬಿಚ್ಚು ಎನ್ನಲಿಲ್ಲ.

ಇಪ್ಪತ್ತನಾಲ್ಕು ಜನ ಲೋಡಿಂಗಿನವರಿಗೆ ಇಪ್ಪತ್ತನಾಲ್ಕು ಜೊತೆ. ಹೆಬ್ಬೆರಳು ಮಾತ್ರ ಬೇರೆ, ಉಳಿದ ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಒಂದಕ್ಕೊಂದು ಕಾವು ಕೊಟ್ಟುಕೊಂಡು ಇರುವ ಗವಸು. ಒಳಗೆ ಹಳೇ ಕಂಬಳಿಯ ತುಂಡು. ಹೊರಗಿನ ಪದರಕ್ಕೆ ಗಾಳಿ ನುಗ್ಗದ ಬಟ್ಟೆ ಬೇಕಿತ್ತು. ಅದಕ್ಕೆ ನಾವು ಮನೆಮನೆಯಿಂದ ಕಡ್ಡಿ ಮುರಿದ ಛತ್ರಿಗಳನ್ನು ಬೇಡಿ ತಂದೆವು. ಮೊದಲ ಮಾದರಿಯಲ್ಲಿ ಹೊಲಿಗೆಯ ತೂತುಗಳಿಂದಲೇ ಚಳಿ ಒಳಗೆ ಬಂತು. "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು," ಎಂದು ಟೀಚರ್ ಎರಡು ಪದರಗಳ ಹೊಲಿಗೆ ಒಂದರ ಮೇಲೊಂದು ಬಾರದಂತೆ ಪಕ್ಕಕ್ಕೆ ಸರಿಸಿದರು. ಎರಡನೆಯದು ಚೆನ್ನಾಗಿ ಬಂತು. ಕೊನೆಗೆ ಪುಸ್ತಕದಲ್ಲಿ ಹೇಳಿದಂತೆಯೇ ಜೋಡಿಗೆ ಒಂದೊಂದು ಗಟ್ಟಿ ದಾರ. ದಾರ ಹೊಲಿದವಳು ನಾನು. ಇಪ್ಪತ್ತನಾಲ್ಕನ್ನೂ ಜಗ್ಗಿ ಜಗ್ಗಿ ನೋಡಿದ್ದೆ. ಯಾವುದೂ ಕಿತ್ತುಬರಲಿಲ್ಲ.

ಗವಸುಗಳು ಹೋದವು. "ಎಲ್ಲರೂ ಖುಷಿಯಾಗಿದ್ದಾರೆ," ಎಂದು ಯಜಮಾನರು ಸುದ್ದಿ ತಂದರು. ನಾವು ಧ್ರುವಕ್ಕೇ ಹೋಗಿ ಬಂದವರಂತೆ ಓಡಾಡಿದೆವು.

ಒಂಬತ್ತನೇ ದಿನ ಟೀಚರ್ ತರಗತಿಗೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ ಹೇಳಿದರು.

"ನಿನ್ನೆ ಕೋಲ್ಡ್ ಸ್ಟೋರೇಜಲ್ಲಿ ಒಬ್ಬ ಹೆಂಗಸಿಗೆ ಪೆಟ್ಟಾಗಿದೆ. ಪೆಟ್ಟಿಗೆ ಸಾಗಿಸೋ ಬೆಲ್ಟಿನ ರೋಲರಿಗೆ ಗವಸು ಸಿಕ್ಕಿದೆ. ಅವರು ಕೈ ಎಳ್ಕೊಂಡ್ರು, ಗವಸು ಒಳಗೆ ಹೋಯ್ತು. ಗವಸಿನ ಜೊತೆ ದಾರ ಹೋಯ್ತು. ದಾರ ಕುತ್ತಿಗೇಲಿತ್ತು."

ಎಡಚಿ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲಿಟ್ಟಳು.

"ಪಕ್ಕದವರು ಬೆಲ್ಟ್ ನಿಲ್ಲಿಸಿದ್ರು. ಗದ್ದ ಸೀಳಿದೆ, ಐದು ಹೊಲಿಗೆ ಬಿದ್ದಿದೆ. ಕುತ್ತಿಗೆ ಊದಿದೆ. ಬದುಕಿದ್ದಾರೆ." ಟೀಚರ್ ಒಂದು ಸಲ ಕಿಟಕಿಯ ಕಡೆ ನೋಡಿ ಮತ್ತೆ ನಮ್ಮ ಕಡೆ ತಿರುಗಿದರು. "ದಾರ ಹಾಕಿ ಅಂತ ಹೇಳಿದ್ದು ನಾನು. ನೀವಲ್ಲ. ಇದನ್ನ ನೆನಪಿಟ್ಕೊಳ್ಳಿ."

ಅವರು ನೆನಪಿಟ್ಟುಕೊಳ್ಳಿ ಎಂದದ್ದು ನನಗೆಂದು ನನಗೆ ಗೊತ್ತಾಯಿತು. ಅಷ್ಟು ಗಟ್ಟಿಯಾಗಿ ಹೊಲಿಯದಿದ್ದರೆ ಕಿತ್ತುಬರುತ್ತಿತ್ತಲ್ಲ ಎಂದು ಆಗ ಹೊಳೆಯಿತು. ಚೆನ್ನಾಗಿ ಮಾಡಿದ ಕೆಲಸವೇ ಕೆಟ್ಟದ್ದು ಮಾಡುತ್ತದೆ ಎಂದು ಅಲ್ಲಿಯ ತನಕ ನನಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತಮೂರು ಜೊತೆ ಗವಸುಗಳು ಆ ಮಧ್ಯಾಹ್ನವೇ ಚೀಲದಲ್ಲಿ ವಾಪಸ್ ಬಂದವು. ದಾರಗಳನ್ನು ಟೀಚರ್ ತಾವೇ ಕತ್ತರಿಸಿದರು, ಒಂದೊಂದಾಗಿ. ನಮ್ಮನ್ನು ಮುಟ್ಟಗೊಡಲಿಲ್ಲ.

ಸಂಜೆ ಅವರು ಪೆಟ್ಟಾದ ಹೆಂಗಸಿನ ಮನೆಗೆ ಹೊರಟರು. ನಾನೂ ಬರುತ್ತೇನೆ ಎಂದೆ. ಎಡಚಿಯೂ ಹಿಂದೆ ಬಂದಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಕೆಲಸದ ಕಡೆ ಎಲ್ಲರೂ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. ಐವತ್ತು ದಾಟಿದ, ತೋಳುಗಳಲ್ಲಿ ಒಳ್ಳೇ ಕಸುವಿದ್ದ ಹೆಂಗಸು. ಗದ್ದಕ್ಕೆ ಪಟ್ಟಿ ಹಾಕಿದ್ದರಿಂದ ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಕುತ್ತಿಗೆಯ ಸುತ್ತ ನೇರಳೆ ಬಣ್ಣದ ಗೆರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅದು ನಾನು ಹೊಲಿದ ದಾರದ್ದೇ ಅಗಲ.

ಟೀಚರ್ ಕೂರದೆಯೇ, "ತಪ್ಪಾಯ್ತು ದೊಡ್ಡಕ್ಕ. ನನ್ನಿಂದ ಆಯ್ತು," ಎಂದರು.

"ಮೊದ್ಲು ಕೂತ್ಕೊಳ್ಳಿ ಟೀಚರಮ್ಮ, ತಲೆ ಎತ್ತಿ ನೋಡಕ್ಕೆ ಕುತ್ತಿಗೆ ನೋಯುತ್ತೆ." ಟೀಚರ್ ಕೂತರು. "ಗವಸು ಚೆನ್ನಾಗಿತ್ತು. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ನನ್ನ ಬೆರಳು ನಂದೇ ಅನ್ನಿಸ್ತು. ದಾರ ಮಾತ್ರ ನನ್ನ ಕೇಳಿ ಹಾಕಿರಲಿಲ್ಲ ನೀವು."

"ಕೇಳಿದ್ರೆ ಏನ್ ಹೇಳ್ತಿದ್ರಿ?"

"ಬೆಲ್ಟಿನ ಹತ್ರ ನಾವು ಕೂದಲನ್ನೇ ಬಿಡಲ್ಲ, ಗಂಟು ಕಟ್ಟಿ ಟೋಪಿ ಒಳಗೆ ತುರುಕ್ತೀವಿ. ದಾರ ಯಾರು ಬಿಡ್ತಾರೆ ಅಂತ ಹೇಳ್ತಿದ್ದೆ."

ಎಡಚಿಗೆ ತಡೆಯಲಾಗಲಿಲ್ಲ. "ಮತ್ತೆ ನೀವ್ಯಾಕೆ ಹಾಕ್ಕೊಂಡ್ರಿ ಅಕ್ಕ?"

ದೊಡ್ಡಕ್ಕ ಅವಳ ಕಡೆ ಕಣ್ಣು ಮಾತ್ರ ತಿರುಗಿಸಿದರು. "ಓದಿದೋರು ಹೊಲಿದಿದ್ದಾರೆ, ಏನೋ ಕಾರಣ ಇರುತ್ತೆ ಅಂದ್ಕೊಂಡೆ ಮಗಾ."

ಮಾರನೇ ದಿನದಿಂದ ಟೀಚರ್ ಮೂರು ದಿನ ರಜೆ ಹಾಕಿದರು. ಇನ್ನು ಇವರು ಫ್ರಾಕು, ಫ್ರಿಲ್ಲು ಎಂದು ಪಠ್ಯಕ್ಕೇ ಮರಳುತ್ತಾರೆ ಎಂದು ನಾವಂದುಕೊಂಡೆವು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು.

ನಾಲ್ಕನೇ ದಿನ ಅವರು ಆ ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮನೆಯಲ್ಲಿ ಕೂತು ಕೊನೆಯ ತನಕ ಓದಿದ್ದರು. ಅಂದು ಕರೆಂಟು ಇತ್ತು. ಆದರೂ ಮೆಷಿನ್ ನಿಲ್ಲಿಸಿ ಎಂದು ಹೇಳಿ ಓದತೊಡಗಿದರು. ಬರೆದವನು ಅಲ್ಲಿ ತನ್ನ ತಂಡದ ತಪ್ಪುಗಳನ್ನು ಒಪ್ಪಿಕೊಂಡಿದ್ದ. ಉತ್ತರದ ಹಿಮದ ನಾಡಿನಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಜನರಿದ್ದಾರೆ, ಅವರ ಹೆಂಗಸರು ತೊಗಲನ್ನು ಹೇಗೆ ಹೊಲಿಯುತ್ತಾರೆ, ಎಲ್ಲಿ ಸಡಿಲ ಬಿಡುತ್ತಾರೆ ಎಂದು ಕೂತು ನೋಡಿ ಕಲಿತ ತಂಡಗಳು ಬೆರಳು ಕಳೆದುಕೊಳ್ಳದೆ ಮರಳಿದವು. ನಮಗೆ ಅವರಿಂದ ಕಲಿಯುವುದೇನಿದೆ ಎಂದುಕೊಂಡವರಲ್ಲಿ ನಾವೂ ಇದ್ದೆವು ಎಂದು ಬರೆದಿದ್ದ.

"ಇದು ಮುನ್ನೂರ ಹನ್ನೆರಡನೇ ಪುಟ," ಎಂದರು ಟೀಚರ್. "ನಾನು ತೊಂಬತ್ತನೇ ಪುಟಕ್ಕೇ ಕತ್ತರಿ ಹಿಡಿದೆ."

ಹುಡುಗಿಯರನ್ನು ಕರೆತಂದು ಒಳಗಿನ ಕೆಲಸ ತೋರಿಸುತ್ತೇನೆ ಎಂದು ಟೀಚರ್ ಕೇಳಿದಾಗ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಇನ್ನು ಆ ಗವಸಿನ ಸುದ್ದಿ ನನಗೆ ಬೇಡ ಎಂದರಂತೆ. ಒಪ್ಪಿಸಿದ್ದು ದೊಡ್ಡಕ್ಕ. ಗದ್ದದ ಹೊಲಿಗೆ ಬಿಚ್ಚಿಸಿಕೊಂಡು ಕೆಲಸಕ್ಕೆ ಬಂದ ದಿನವೇ, "ಪೆಟ್ಟು ಬಿದ್ದಿದ್ದು ನಂಗೆ. ನಾನೇ ಬರ್ಲಿ ಅಂತಿದ್ದೀನಿ," ಎಂದು ಮ್ಯಾನೇಜರಿಗೆ ಹೇಳಿದರಂತೆ.

ಹನ್ನೊಂದು ಜನ ಹೋದೆವು. ಒಂದು ಸಲಕ್ಕೆ ನಾಲ್ವರು, ಹತ್ತು ನಿಮಿಷ ಮಾತ್ರ. ಬಾಗಿಲಿನ ದಪ್ಪ ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಕಾಲಿಟ್ಟ ಕೂಡಲೇ ಮೂಗಿನೊಳಗಿನ ಕೂದಲು ಗಟ್ಟಿಯಾದವು. ಮೀನು, ಬಟಾಣಿ, ಬೆಣ್ಣೆಯ ಪೆಟ್ಟಿಗೆಗಳು ಸೂರಿನ ತನಕ. ಬರೆದುಕೊಳ್ಳಲು ತಂದಿದ್ದ ಬಾಲ್‌ಪೆನ್ನು ಬರೆಯಲೇ ಇಲ್ಲ. ಪೆನ್ಸಿಲ್ ಇದ್ದದ್ದು ಎಡಚಿಯ ಬಳಿ ಮಾತ್ರ. ಟೀಚರ್ ಹೇಳಿದ್ದು ಒಂದೇ: ಬಾಯಿ ಮುಚ್ಚಿಕೊಂಡು ಅವರ ಕೈ ನೋಡಿ.

ನೋಡಿದೆವು. ಪ್ರತಿ ಪೆಟ್ಟಿಗೆಗೂ ಒಂದು ಚೀಟಿ ಅಂಟಿಸಬೇಕು. ಚೀಟಿಯ ಹಿಂದಿನ ಕಾಗದ ಸುಲಿಯಲು ಉಗುರೇ ಬೇಕು. ಹಾಗಾಗಿ ಪ್ರತಿ ಪೆಟ್ಟಿಗೆಗೂ ಒಮ್ಮೆ, ಬಲಗೈಗೆ ಮತ್ತೆ ಹಾಕಿಕೊಂಡಿದ್ದ ಕಾಲುಚೀಲ ಕಳಚುತ್ತಿದ್ದರು. ಎಡಚಿ ಲೆಕ್ಕ ಹಿಡಿದಳು. ಹತ್ತು ನಿಮಿಷದಲ್ಲಿ ದೊಡ್ಡಕ್ಕ ಹದಿನಾಲ್ಕು ಸಲ ಕಳಚಿದ್ದರು. ನಾವು ಎಷ್ಟೇ ಬೆಚ್ಚಗಿನ ಗವಸು ಹೊಲಿದರೂ ಅದು ಅರ್ಧ ಹೊತ್ತು ಕಂಕುಳಲ್ಲೇ ಇರುತ್ತಿತ್ತು. ಧ್ರುವದವನ ಗವಸೂ ಅಲ್ಲೇ ಇತ್ತಲ್ಲ.

ಹೊರಗೆ ಬಿಸಿಲಲ್ಲಿ ಮೈ ಕಾಯಿಸಿಕೊಳ್ಳುತ್ತಾ ಟೀಚರ್ ಕೇಳಿದರು: "ನಿಮಗೆ ಹೇಗಿದ್ರೆ ಅನುಕೂಲ? ನೀವೇ ಹೇಳಿ."

ಲೋಡಿಂಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋಳುತಲೆಯ ಒಬ್ಬ ಹಿರಿಯರು ನಾಚಿಕೊಂಡೇ ಜೇಬಿನಿಂದ ತಮ್ಮ ಹಳೇ ಕಾಲುಚೀಲ ತೆಗೆದರು. ಅಂಗೈ ಕಡೆ ಅಡ್ಡಲಾಗಿ ಬ್ಲೇಡಿನಿಂದ ಸೀಳಿದ್ದರು. ಆ ಸೀಳಿನಿಂದ ಎರಡು ಬೆರಳು ಹೊರಗೆ ಬರುತ್ತಿದ್ದವು, ಚೀಟಿ ಸುಲಿದು ಮತ್ತೆ ಒಳಗೆ ಹೋಗುತ್ತಿದ್ದವು. "ಹರಿದಿದ್ದೀನಿ ಅಂತ ಬೈಬೇಡಿ," ಎಂದರು.

ಟೀಚರ್ ಅದನ್ನು ತಮ್ಮ ಅಗಲವಾದ ಕೈಗೆ ಹಾಕಿಕೊಂಡು ಬೆರಳು ಹೊರಗೆ ತೆಗೆದು, ಒಳಗೆ ಹಾಕಿ, ಮತ್ತೆ ತೆಗೆದು ನೋಡಿದರು. "ಇದನ್ನ ನಂಗೆ ಒಂದು ವಾರ ಸಾಲ ಕೊಡ್ತೀರಾ ಅಣ್ಣ?" ಎಂದು ಕೇಳಿದರು.

ಹೊಸ ಗವಸು ಆ ಸೀಳಿನ ಸುತ್ತಲೇ ಹುಟ್ಟಿತು. ಸೀಳಿನ ಮೇಲೆ ಒಂದರ ಮೇಲೊಂದು ಮುಚ್ಚಿಕೊಳ್ಳುವ ಎರಡು ತುಟಿ ಕೊಟ್ಟೆವು. ಬೆರಳು ಒಳಗೆ ಹೋದ ಕೂಡಲೇ ಅವು ತಾವಾಗಿಯೇ ಮುಚ್ಚಬೇಕು. ಮೂರು ಸಲ ಬಿಚ್ಚಿ ನಾಲ್ಕನೇ ಸಲಕ್ಕೆ ಸರಿಬಂತು. ಜಾರದಿರಲಿ ಎಂದು ಅಂಗೈಗೆ ಚಪ್ಪಲಿ ಹೊಲಿಯುವವರ ಬಳಿ ಉಳಿದ ತೆಳು ಚರ್ಮ. ಗವಸು ಕಳೆದುಹೋಗಬಾರದು, ಆದರೆ ಎಳೆದರೆ ಬಿಟ್ಟುಕೊಡಬೇಕು. ಅದಕ್ಕೆ ಎಡಚಿ ಒಂದು ದಾರಿ ಹೇಳಿದಳು: ಕುತ್ತಿಗೆಗೆ ಏನೂ ಬೇಡ, ಅಂಗಿಯ ತೋಳಿನ ತುದಿಗೂ ಗವಸಿಗೂ ನಡುವೆ ಗೇಣುದ್ದಕ್ಕಿಂತ ಚಿಕ್ಕ ಪಟ್ಟಿ, ಪಟ್ಟಿಯ ತುದಿಗೆ ಒಂದು ಟಿಚ್ ಬಟನ್. ಮಕ್ಕಳ ಉಡುಪಿಗೆ ಹಾಕುವ, ಒತ್ತಿದರೆ ಕೂರುವ, ಎಳೆದರೆ ಬಿಡುವ ಅದೇ ಬಟನ್. ಕೆಳಗಿನ ಬಡಗಿ ವಿಭಾಗದಿಂದ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ತಂದು ಪಟ್ಟಿಗೆ ಸಿಕ್ಕಿಸಿ ಎಳೆದೆವು. ಎರಡು ಕಿಲೋ ದಾಟಿದ ಕೂಡಲೇ ಟಿಕ್ ಎಂದು ಬಿಡುತ್ತಿತ್ತು. ಐವತ್ತು ಸಲ ಎಳೆದು ಐವತ್ತನ್ನೂ ಬರೆದಿಟ್ಟೆವು.

ಬೆಲ್ಟಿನ ಹತ್ತಿರ ಪರೀಕ್ಷೆ ಮಾಡುವ ದಿನ ಟೀಚರ್ ಒಂದು ಪಟ್ಟು ಹಿಡಿದರು. ಮೊದಲು ಹಾಕಿಕೊಳ್ಳುವವರು ತಾವೇ.

"ಮರದ ಕೋಲಿಗೆ ಕಟ್ಟಿ ನೋಡೋಣ," ಎಂದರು ಯಜಮಾನರು.

"ಕೋಲಿಗೆ ಕಟ್ಟಿ ನೋಡಾಯ್ತಲ್ಲ, ಹತ್ತು ಸಲ. ಕೋಲು ಕೆಲಸಕ್ಕೆ ಬರಲ್ಲ, ಜನ ಬರ್ತಾರೆ."

"ಎತ್ತು ಏರಿಗೆ, ಕೋಣ ನೀರಿಗೆ. ಮದುವೆ ಆದಾಗಿಂದ ಇದೇ ಆಯ್ತು," ಎಂದು ಅವರು ನಮ್ಮ ಕಡೆ ನೋಡಿ ಹೇಳಿದರು. ನಾವು ನಗಲಿಲ್ಲ. ಅವರ ಕೈ ಬೆಲ್ಟ್ ನಿಲ್ಲಿಸುವ ಕೆಂಪು ಗುಂಡಿಯ ಮೇಲಿತ್ತು.

ಬೆಲ್ಟನ್ನು ನಿಧಾನಕ್ಕೆ ಓಡಿಸಿದರು. ಪಟ್ಟಿ ಟೀಚರ ತೋಳಿಗೆ ಸಿಕ್ಕಿಸಿತ್ತು, ಗವಸಿನಿಂದ ಅವರು ಕೈ ಹೊರಗೆ ತೆಗೆದಿದ್ದರು. ದೊಡ್ಡಕ್ಕ ಕೋಲಿನಿಂದ ಗವಸಿನ ತುದಿಯನ್ನು ರೋಲರಿಗೆ ಮುಟ್ಟಿಸಿದರು. ರೋಲರು ಅದನ್ನು ಎಳೆದುಕೊಂಡಿತು. ಟಿಕ್. ಟೀಚರ ತೋಳು ಇದ್ದಲ್ಲೇ ಇತ್ತು. ಗವಸು ರೋಲರಿನ ಕೆಳಗಿನಿಂದ ಚಪ್ಪಟೆಯಾಗಿ ಹೊರಗೆ ಬಿತ್ತು. ಇನ್ನೊಮ್ಮೆ ಎಂದರು. ಆರು ಸಲ ಮಾಡಿದರು. ಆಮೇಲೆ ಯಜಮಾನರು ಗುಂಡಿಯ ಮೇಲಿಂದ ಕೈ ತೆಗೆದು ಗೋಡೆಗೆ ಒರಗಿಕೊಂಡರು. "ನಿನ್ನ ಪ್ರಯೋಗಕ್ಕೆ ನನ್ನ ಎದೆ ಯಾಕೆ ಬೇಕಿತ್ತೋ," ಎಂದಷ್ಟೇ ಹೇಳಿದರು.

ಏಳನೇ ಸಲಕ್ಕೆ ದೊಡ್ಡಕ್ಕ ತಮ್ಮ ತೋಳು ಚಾಚಿದರು. ಟೀಚರ್ ಬೇಡ ಎಂದರು. "ಬೇಡ ಅಂದ್ರೆ ಹೇಗೆ? ನಾಳೆಯಿಂದ ನಾನೇ ತಾನೆ ಹಾಕ್ಕೊಳ್ಳೋದು," ಎಂದು ದೊಡ್ಡಕ್ಕ ತಾವೇ ಟಿಚ್ ಬಟನ್ ಒತ್ತಿಕೊಂಡರು.

ಇದೆಲ್ಲ ಮುಗಿಯುವ ಹೊತ್ತಿಗೆ ಪರೀಕ್ಷೆಗೆ ಹದಿನಾರು ದಿನ ಉಳಿದಿತ್ತು, ಫ್ರಿಲ್ಲಿನ ಫ್ರಾಕು ಒಬ್ಬರಿಗೂ ಬರುತ್ತಿರಲಿಲ್ಲ. ಪ್ರಿನ್ಸಿಪಾಲರಿಂದ ಟೀಚರಿಗೆ ಮೆಮೊ ಬಂತು: ಪಠ್ಯ ಮುಗಿಸದಿರಲು ಕಾರಣವೇನು, ಲಿಖಿತವಾಗಿ ತಿಳಿಸತಕ್ಕದ್ದು. ಟೀಚರ್ ಬರೆದ ಉತ್ತರ ಮೂರೇ ಸಾಲು. ಫ್ರಿಲ್ ಕಲಿಸಲು ಸಮಯ ಸಾಲಲಿಲ್ಲ. ತಪ್ಪು ನನ್ನದು. ವಿದ್ಯಾರ್ಥಿನಿಯರು ಬೇರೆ ಕೆಲಸ ಕಲಿತಿದ್ದಾರೆ, ತಾವು ಬಂದು ನೋಡಬಹುದು.

ಪ್ರಿನ್ಸಿಪಾಲರು ಬಂದೇ ಬಂದರು. ಗವಸು ಹಾಕಿಕೊಂಡು, ಸೀಳಿನಿಂದ ಬೆರಳು ತೆಗೆದು, ತಮ್ಮ ಜೇಬಿನ ಪೆನ್ನು ಹಿಡಿದು ಮೆಮೊದ ಹಿಂದೆ ಸಹಿ ಮಾಡಿ ನೋಡಿದರು. ಸಹಿ ಚೆನ್ನಾಗಿಯೇ ಬಂತು. "ಆದ್ರೂ ಫ್ರಾಕ್ ಫ್ರಾಕೇ ಅಲ್ವೇನಮ್ಮ," ಎಂದು ಹೇಳಿ ಹೋದರು. ಮೆಮೊ ಫೈಲಿಗೆ ಸೇರಿತು, ಟೀಚರ ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಬಿತ್ತು. ಆ ಸಾಲು ಅವರು ನಿವೃತ್ತರಾಗುವ ತನಕ ಅಲ್ಲೇ ಇತ್ತು.

ಹದಿನಾರು ದಿನ ಊಟ, ನಿದ್ದೆ ಬಿಟ್ಟು ಫ್ರಿಲ್ ಹೊಲಿದೆವು. ಒಂಬತ್ತು ಜನ ಪಾಸಾದರು. ಇಬ್ಬರು ಫೇಲು, ಅದರಲ್ಲಿ ನಾನೊಬ್ಬಳು. ನಮ್ಮಮ್ಮ ಶಾಲೆಗೇ ಬಂದು, "ನಿಮ್ಮ ಧ್ರುವ ಕಟ್ಕೊಂಡು ನನ್ನ ಮಗಳ ಒಂದು ವರ್ಷ ಹೋಯ್ತಲ್ಲ ಟೀಚರೇ," ಎಂದು ಕೇಳಿದರು. ಆರು ತಿಂಗಳ ನಂತರ ಮರುಪರೀಕ್ಷೆ. ಅಲ್ಲಿಯ ತನಕ ಟೀಚರ್ ವಾರಕ್ಕೆ ಎರಡು ದಿನ ನಮ್ಮ ಮನೆಗೇ ಬಂದು, ಅಮ್ಮ ಮುಖ ಗಂಟಿಕ್ಕಿಕೊಂಡು ಕೊಟ್ಟ ಚಹಾ ಕುಡಿದು, ನನಗೆ ಫ್ರಿಲ್ ಕಲಿಸಿದರು. ಪಾಸಾದೆ. ಈಗಲೂ ನನಗೆ ಫ್ರಿಲ್ ಹಿಡಿಸುವುದಿಲ್ಲ.

ಆ ಬ್ಯಾಚಿನವರು ಬೇರೆ ಬೇರೆ ಕಡೆ ಹೋದೆವು. ಎಡಚಿ ಬೆಂಕಿ ಆರಿಸುವವರ ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ಸೇರಿ, ಈಗ ಮಾದರಿ ಪರೀಕ್ಷಿಸುವ ವಿಭಾಗದ ಮುಖ್ಯಸ್ಥೆ. ನಾನು ಆಸ್ಪತ್ರೆಯೊಂದರಲ್ಲಿ ಹೊಲಿಗೆ ಕೋಣೆ ನೋಡಿಕೊಳ್ಳುತ್ತೇನೆ. ರೋಗಿಗಳ ಅಂಗಿಗೆ ಬೆನ್ನಿನ ಕಡೆ ಕಟ್ಟುವ ದಾರವಿರುತ್ತಿತ್ತು, ಅದನ್ನು ಭುಜದ ಮೇಲೆ ತಂದವಳು ನಾನು. ಮಲಗಿದವರ ಬೆನ್ನಿಗೆ ಗಂಟು ಒತ್ತುತ್ತದೆ ಎಂದು ಒಬ್ಬ ಮುದುಕಿ ಹೇಳಿದ್ದಳು. ಕೇಳಿದ್ದಕ್ಕೆ ಹೇಳಿದ್ದಳು.

ಟೀಚರ್ ನಿವೃತ್ತರಾಗಿ ಎಂಟು ವರ್ಷವಾಯಿತು. ಹಿಮ ಬೀಳುವ ಯಾವ ಊರನ್ನೂ ಅವರು ಕಂಡಿಲ್ಲ, ಕಾಣುವ ಆಸೆಯೂ ಇದ್ದಂತಿಲ್ಲ. ಹೆಬ್ಬೆರಳಿನ ಕೀಲು ಸವೆದು ಸೂಜಿ ಒತ್ತಲು ಆಗುವುದಿಲ್ಲ. ಹೋದ ತಿಂಗಳು ನಾನು ಅವರ ಮನೆಗೆ ಹೋದಾಗ ಜಗುಲಿಯ ಮೇಲೆ ಪೋಸ್ಟು ಹಂಚುವ ಹೆಂಗಸೊಬ್ಬಳು ಕೂತಿದ್ದಳು. ಅವಳ ಚೀಲದ ಪಟ್ಟಿ ಭುಜ ಕೊರೆಯುತ್ತದಂತೆ. ಟೀಚರ್ ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೇಳುತ್ತಿದ್ದರು. ಯಾವ ಭುಜ, ಎಷ್ಟು ಮೆಟ್ಟಿಲು ಹತ್ತುತ್ತೀಯ, ನಾಯಿ ಬಂದರೆ ಚೀಲ ಯಾವ ಕಡೆಗೆ ತಿರುಗಿಸುತ್ತೀಯ.

ಆ ಹೆಂಗಸು ಗಡಿಯಾರ ನೋಡಿಕೊಂಡಳು. "ಅಮ್ಮಾ, ಪಟ್ಟಿ ಯಾವತ್ತಿಗೆ ಆಗುತ್ತೆ?"

"ನಾಳೆ ನಿನ್ನ ಜೊತೆ ನಾಲ್ಕು ಬೀದಿ ಬರ್ತೀನಿ. ಆಮೇಲೆ ಹೇಳ್ತೀನಿ," ಎಂದು ಟೀಚರ್ ನನ್ನ ಕಡೆ ತಿರುಗಿದರು. "ನೀನೂ ಬಾ. ನಂಗೆ ಈಗ ಚೀಲ ಹೊರೋಕೆ ಆಗಲ್ಲ."

ಮಾರನೇ ದಿನ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ, ನಾನೇ ಆ ಚೀಲ ಹೊತ್ತು ನಾಲ್ಕು ಬೀದಿ ನಡೆದೆ. ಎರಡನೇ ಬೀದಿಗೇ ಭುಜ ಉರಿಯತೊಡಗಿತು. ಟೀಚರ್ ಪಕ್ಕದಲ್ಲಿ ನಿಧಾನಕ್ಕೆ ನಡೆಯುತ್ತಾ, ಎಲ್ಲಿ ಉರಿಯುತ್ತಿದೆ ಎಂದು ಕೇಳಿ ಬರೆದುಕೊಂಡರು.